ಕಾವಲು ಕ್ಯಾಮರಾ ರೂಟರಿಗೆ ಕೂಡದಿದ್ದರೆ



2023ನೆಯ ಇಸವಿಯ ಜುಲೈ ತಿಂಗಳು ತಮಗೆಲ್ಲ ನೆನಪಿರಬೇಕು. ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಟೊಮೇಟೊ ಬಾಕ್ಸು 2,000 ರೂಪಾಯಿ ದಾಟಿತ್ತು. ಹಾಸನ ಜಿಲ್ಲೆಯ ಹಳೇಬೀಡಿನ ಹತ್ತಿರ ಕೊಯ್ಲಿಗೆ ಬಂದ ಹಣ್ಣನ್ನು ರಾತ್ರೋರಾತ್ರಿ ಕಿತ್ತುಕೊಂಡು ಹೋದರೆಂಬ ಸುದ್ದಿ ಪತ್ರಿಕೆಗಳಲ್ಲಿ ಬಂತು. ಅದನ್ನು ಕೇಳಿದ ಮೇಲೆ ನಮ್ಮ ಸೀಮೆಯಲ್ಲಿ ಯಾರಿಗೆ ತಾನೆ ನಿದ್ದೆ ಬಂದೀತು? ಇನ್ನು ಕೊಳವೆ ಬಾವಿಯ ತಾಮ್ರದ ಕೇಬಲ್ಲು ಕದಿಯುವವನಂತೂ ಬೆಲೆ ಏರಲಿ ಎಂದು ಕಾಯುವವನಲ್ಲ. ಅದಕ್ಕೇ ಈಗ ತೋಟದಲ್ಲಿ ವೈಫೈ ಕ್ಯಾಮರಾ ಹಾಕುವವರುಂಟು. ಹಾಕಿದ್ದೇನೋ ಸರಿ, ರೂಟರಿಗೆ ಕೂಡಿಕೊಳ್ಳೋದೇ ಇಲ್ಲವಲ್ಲ ಎಂದು ತಲೆ ಕೆರೆದುಕೊಳ್ಳುವವರೂ ಉಂಟು. ಈ ಹೊತ್ತು ಅದರ ವಿಚಾರ.

ಬೂದಿಕೋಟೆಯ ಹತ್ತಿರ ಒಬ್ಬ ಯಜಮಾನರ ತೋಟಕ್ಕೆ ಹೋಗಿದ್ದೆ. ಮನೆಯಿಂದ ಪಂಪುಮನೆ ನೂರಿಪ್ಪತ್ತು ಹೆಜ್ಜೆ. ನಡುವೆ ಎರಡು ಸಾಲು ಮಾವಿನ ಮರ. ಏಣಿ ಹತ್ತಿ ಇಳಿದು ಅವರ ಮಗ ಸುಸ್ತಾಗಿದ್ದ.

"ಅಂಗಡೀಲಿ ನೋಡ್ದಾಗ ಚೆನ್ನಾಗೇ ಇತ್ತು ಕಣಣ್ಣ. ಇಲ್ಲಿಗೆ ತಂದ ಮೇಲೆ ಮೂರು ದಿನದಿಂದ ಮೊಂಡಾಟ ಮಾಡ್ತದೆ. ವಾಪಸ್ಸು ಕೊಟ್ಬಿಡೋದೇ ವಾಸಿ" ಅಂದರು ಯಜಮಾನರು.

"ವಾಪಸ್ಸು ಆಮೇಲೆ ಕೊಡುವಿರಂತೆ. ಮೊದಲು ಅದನ್ನು ಇಳಿಸಿ ನಡುಮನೆಗೆ ತನ್ನಿ" ಎಂದೆ.

ಇದನ್ನು ತಾವೂ ನೆನಪಿಡಿ. ಕ್ಯಾಮರಾವನ್ನು ರೂಟರಿನಿಂದ ಒಂದೆರಡು ಮಾರು ದೂರದಲ್ಲಿಟ್ಟು, ಅದರ ಜೊತೆಗೇ ಬಂದ ಅಡಾಪ್ಟರಿನಿಂದ ಕರೆಂಟು ಕೊಟ್ಟು ನೋಡಬೇಕು. ಅಲ್ಲಿ ಕೂಡಿಕೊಂಡರೆ ಕ್ಯಾಮರಾ ಕೆಟ್ಟಿಲ್ಲ. ತೊಡಕು ತೋಟದಲ್ಲಿದೆ, ದಾರಿಯದೋ ಕರೆಂಟಿನದೋ. ಅಲ್ಲಿಯೂ ಕೂಡದಿದ್ದರೆ ಏಣಿ ಹತ್ತಿ ಫಲವಿಲ್ಲ.

ಇವರದು ನಡುಮನೆಯಲ್ಲಿಯೂ ಕೂಡಲಿಲ್ಲ. ಪಾಸ್‌ವರ್ಡ್ ನೋಡಿದೆವು, ಸರಿಯಾಗಿತ್ತು. ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಒಂದು ತಪ್ಪಿದರೂ ರೂಟರು ಬಾಗಿಲು ತೆರೆಯದು. ತೊಡಕು ಇದ್ದದ್ದು ಅಲೆಯಲ್ಲಿ. ಈಚಿನ ರೂಟರುಗಳು ಎರಡು ಬಗೆಯ ಅಲೆ ಹೊರಡಿಸುತ್ತವೆ: ಒಂದು 2.4 ಗಿಗಾಹರ್ಟ್ಸಿನದು, ಇನ್ನೊಂದು 5 ಗಿಗಾಹರ್ಟ್ಸಿನದು. ಊರಹಬ್ಬದಲ್ಲಿ ತಮಟೆಯ ದಪ್ಪ ಸದ್ದು ಪಕ್ಕದೂರಿಗೂ ಮುಟ್ಟುತ್ತದೆ, ತಾಳದ ಸಣ್ಣ ಸದ್ದು ಬೀದಿ ದಾಟುವುದಿಲ್ಲ. ಹೆಚ್ಚುಕಡಿಮೆ ಹಾಗೆಯೇ ಇದು. 2.4ರದು ವೇಗ ಕಡಿಮೆಯಾದರೂ ಗೋಡೆ ದಾಟಿ ದೂರ ಹೋಗುತ್ತದೆ. 5ರದು ಬಲು ಚುರುಕು, ಆದರೆ ಹತ್ತಿರಕ್ಕೆ. ಕಡಿಮೆ ಬೆಲೆಯ ಕ್ಯಾಮರಾಗಳಲ್ಲಿ ಬಹುಪಾಲಿಗೆ 2.4ರದು ಮಾತ್ರ ಗೊತ್ತು. ಇವರ ಮನೆಯಲ್ಲಿ ಎರಡಕ್ಕೂ ಒಂದೇ ಹೆಸರಿಟ್ಟಿದ್ದರು. ಹುಡುಗನ ಮೊಬೈಲು 5ರಲ್ಲಿ ಕೂತಿತ್ತು. ರೂಟರಿನ ಸೆಟ್ಟಿಂಗಿನಲ್ಲಿ 2.4ಕ್ಕೆ ಬೇರೆ ಹೆಸರು ಕೊಡಿಸಿ, ಮೊಬೈಲನ್ನು ಅದಕ್ಕೇ ಸೇರಿಸಿ, ಸಿಮ್ಮಿನ ಡಾಟಾ ಆಫ್ ಮಾಡಿಸಿದೆ. ಕ್ಯಾಮರಾದ ರಿಸೆಟ್ ಗುಂಡಿಯನ್ನು ದೀಪ ಮಿನುಗುವವರೆಗೆ ಒತ್ತಿಹಿಡಿದು ಮೊದಲಿಂದ ಶುರು ಮಾಡಿದೆವು. ಎರಡು ನಿಮಿಷದಲ್ಲಿ ನಡುಮನೆಯ ತೊಟ್ಟಿಲು, ತೊಟ್ಟಿಲಲ್ಲಿದ್ದ ಮೊಮ್ಮಗಳು ಎಲ್ಲ ಮೊಬೈಲಿನಲ್ಲಿ ಕಂಡರು!

ಕ್ಯಾಮರಾ ಹಳೆಯದಾಗಿದ್ದು, ರೂಟರು ಹೊಸದಾಗಿ ಬಂದಿದ್ದರೆ ಇನ್ನೊಂದು ತೊಡಕುಂಟು. ರೂಟರು ತನ್ನ ಮನೆಗೆ ಬಂದವರಿಗೆಲ್ಲ ಒಂದೊಂದು ನಂಬರು ಕೊಡುತ್ತದೆ. ಹಳೆಯ ರೂಟರಿನದು 192.168.0 ಎಂಬ ಸಾಲು, ಹೊಸದರದು 192.168.1ರ ಸಾಲು ಎಂದಿಟ್ಟುಕೊಳ್ಳಿ. ಕ್ಯಾಮರಾದಲ್ಲಿ ಹಿಂದೆ ಯಾರಾದರೂ ಕಾಯಂ ನಂಬರು ಬರೆದಿಟ್ಟಿದ್ದರೆ, ಅದು ಹಳೇ ಬೀದಿಯ ವಿಳಾಸವನ್ನೇ ಹಿಡಿದು ಕೂತಿರುತ್ತದೆ. ಇದಕ್ಕೂ ರಿಸೆಟ್ ಮದ್ದು. ಆಮೇಲೆ ತಾನಾಗಿ ಹೊಸ ನಂಬರು ಕೇಳಿಕೊಳ್ಳುತ್ತದೆ.

ಸರಿ, ಕ್ಯಾಮರಾ ಪಂಪುಮನೆಗೆ ಹೋಯಿತು. ಮತ್ತೆ ಕತ್ತಲು! ಯಜಮಾನರು ನನ್ನ ಮುಖ ನೋಡಿದರು. ಆದರೆ ಈಗ ದೋಷ ಎಲ್ಲಿದೆಯೆಂದು ಗೊತ್ತಿತ್ತಲ್ಲ. ರೂಟರು ಕಬ್ಬಿಣದ ಬೀರುವಿನ ಹಿಂದೆ, ಕಲ್ಲುಗೋಡೆಗೆ ಒತ್ತಿ ಕೂತಿತ್ತು. ಕಬ್ಬಿಣ, ತಗಡು, ಹಸಿ ಎಲೆ ತುಂಬಿದ ಮರ, ಇವೆಲ್ಲ ಅಲೆಯನ್ನು ತಡೆಯುತ್ತವೆ. ಅದನ್ನು ತೋಟದ ಕಡೆಯ ಕಿಟಕಿಗೆ ಎತ್ತರದಲ್ಲಿಟ್ಟೆವು. ಚಿತ್ರ ಬಂತು, ಆದರೆ ಗಳಿಗೆಗೊಮ್ಮೆ ನಿಂತು ನಿಂತು. ಅಷ್ಟು ದೂರಕ್ಕೆ ಗಾಳಿಯ ಅಲೆಯನ್ನೇ ನಂಬಿ ಕೂರುವುದು ನನಗೆ ಹಿಡಿಸಲಿಲ್ಲ. ಹೊರಗೆ ಎಳೆಯಲು ತಕ್ಕ ಲ್ಯಾನ್ ಕೇಬಲ್ಲು 100 ಮೀಟರಿನವರೆಗೆ ಸಲ್ಲುತ್ತದೆ. ಅದನ್ನೇ ಎಳೆಸಿ, ಪಂಪುಮನೆಯಲ್ಲಿ ಇನ್ನೊಂದು ಚಿಕ್ಕ ವೈಫೈ ಪೆಟ್ಟಿಗೆ ಇಡಿಸಿದರು. ಅದೂ ತಾಮ್ರವೇ ನೋಡಿ, ಪೈಪಿನೊಳಗೆ ಹಾಕಿ ಹೂಳಿಸಬೇಕು. ಮೋಟಾರಿನ ತಂತಿಯ ಜೊತೆ ಒಂದೇ ಪೈಪಿನಲ್ಲಿ ತೂರಿಸಬೇಡಿ. ಗುಡುಗು ಮಿಂಚು ಶುರುವಾಗುವ ಲಕ್ಷಣ ಕಂಡರೆ, ಮೊದಲೇ ಎರಡು ತುದಿಯನ್ನೂ ಬಿಚ್ಚಿಡಿ.

ಪೆಟ್ಟಿಗೆಯ ಜೊತೆಗೆ ಬಂದ ಪಾಸ್‌ವರ್ಡನ್ನು ಹಾಗೇ ಬಿಡದೆ ಬದಲಾಯಿಸಿ. ಇಲ್ಲದಿದ್ದರೆ ನಿಮ್ಮ ಅಂಗಳವನ್ನು ಊರಾಚೆಯ ಯಾರೋ ಕೂತು ನೋಡಿಯಾರು.

ಕಡೆಗೊಂದು ಮಾತು ಕರೆಂಟಿನದು. ಕ್ಯಾಮರಾಕ್ಕೆ ಬ್ಯಾಟರಿ ಇದ್ದರೆ ಸಾಲದು. ಮನೆಯ ರೂಟರೂ, ನಡುವೆ ಇಟ್ಟ ಪೆಟ್ಟಿಗೆಯೂ ಉರಿಯುತ್ತಿರಬೇಕು. ಒಂದು ಆರಿದರೂ ಮೊಬೈಲಿನಲ್ಲಿ ಏನೂ ಕಾಣದು. ಕಳ್ಳನಿಗೂ ಕರೆಂಟು ಹೋಗುವ ಹೊತ್ತು ಗೊತ್ತು. ಇವತ್ತು ರಾತ್ರಿ ಊಟವಾದ ಮೇಲೆ ತಾವೇ ಮೇನ್ ಸ್ವಿಚ್ ಇಳಿಸಿ, ಮೊಬೈಲಿನಲ್ಲಿ ಪಂಪುಮನೆ ಇನ್ನೂ ಕಾಣುತ್ತದೆಯೇ ನೋಡಿ.