ಮನೆಯ ಮೀನುತೊಟ್ಟಿ: ಅಳತೆ ಎಷ್ಟಿರಬೇಕು?



ತೊಟ್ಟಿ ಚಿಕ್ಕದಿದ್ದಷ್ಟೂ ಮೀನು ಸಾಕುವುದು ಸುಲಭವೆಂಬುದು ತಪ್ಪು ತಿಳಿವಳಿಕೆ. ಮೀನಿನ ಮಲ ಹಾಗೂ ತಿಂದುಳಿದ ಆಹಾರದಿಂದ ಅಮೋನಿಯಾ ಉಂಟಾಗುತ್ತದೆ. ನೀರು ಕಡಿಮೆಯಿದ್ದರೆ ಈ ವಿಷ ಬೇಗ ಏರುತ್ತದೆ. ಬೇಸಿಗೆಯಲ್ಲಿ ಅಂಥ ನೀರು ಬೇಗ ಕಾಯುತ್ತದೆ. ಕಾದ ನೀರಿನಲ್ಲಿ ಆಮ್ಲಜನಕ ಕಡಿಮೆ. ದುಂಡನೆಯ ಗಾಜಿನ ಪಾತ್ರೆಯಲ್ಲಿ ಮೀನು ಬೇಗ ಸಾಯುವುದು ಇದರಿಂದಲೇ.

ಹೊಸಬರಿಗೆ 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರದ ತೊಟ್ಟಿ ಒಳ್ಳೆಯದು. ಈ ಮೂರನ್ನು ಗುಣಿಸಿ 1,000ದಿಂದ ಭಾಗಿಸಿದರೆ 54 ಲೀಟರ್ ಬರುತ್ತದೆ. ನೀರೇ 54 ಕಿಲೋ ತೂಗುವುದರಿಂದ ಗಟ್ಟಿ ಕಟ್ಟೆಯ ಮೇಲಿಡಿರಿ. ಎತ್ತರಕ್ಕಿಂತ ಅಗಲ ಮುಖ್ಯ. ಗಾಳಿ ನೀರಿಗೆ ಸೇರುವುದು ಮೇಲ್ಮೈಯಿಂದ. ಇದರಲ್ಲಿ ಎಂಟು-ಹತ್ತು ಗಪ್ಪಿ ಮೀನು ಸಾಕು. ದೊಡ್ಡದಾಗಿ ಬೆಳೆಯುವ ಗೋಲ್ಡ್‌ಫಿಶ್‌ಗೆ ಈ ತೊಟ್ಟಿ ಸಾಲದು.

ಮೊರಬದಂತಹ ಎರೆಭೂಮಿಯ ಊರಿನಲ್ಲಿ ನೀರಿನ ಲೆಕ್ಕವೂ ಬೇಕು. ವಾರಕ್ಕೊಮ್ಮೆ ಕಾಲುಭಾಗ, ಅಂದರೆ ಸುಮಾರು ಒಂದು ಕೊಡ ನೀರು ಬದಲಿಸಬೇಕು. ನಳದ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ತೆರೆದಿಡಿರಿ. ತೆಗೆದ ನೀರನ್ನು ಹಿತ್ತಲ ಗಿಡಗಳಿಗೆ ಹಾಕಿರಿ, ಅದರಲ್ಲಿ ಸಾರಜನಕವಿರುತ್ತದೆ. ಬೇಸಿಗೆಯಲ್ಲಿ ಆ ಒಂದು ಕೊಡ ಸಿಹಿನೀರು ಕುಡಿಯುವ ನೀರಿಗೇ ಕೊರತೆಯಾಗುವಂತಿದ್ದರೆ, ಮೀನು ತರದಿರುವುದೇ ಮೇಲು.