ನವೆಂಬರ್ ಅಂದರೆ ಒಂಬತ್ತು!
(ರಾಜ್ಯೋತ್ಸವದ ಸಂಜೆ ಯುವಕರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳು)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿನಲ್ಲಿ ಬಂದು ಕೂತವನು. ಅಪ್ಪ ಮೊಳೆ ಜೋಡಿಸುತ್ತಿದ್ದರು, ನನ್ನ ಕಾಲಕ್ಕೆ ಡಿಟಿಪಿ, ಆಫ್‌ಸೆಟ್ ಬಂತು. ಮದುವೆ ಕಾರ್ಡು, ಬಿಲ್ ಬುಕ್ಕು, ಕರಪತ್ರ, ಕ್ಯಾಲೆಂಡರು, ಇವೇ ನನ್ನ ಅನ್ನ. ತಿಂಗಳುಗಳ ಹೆಸರು ಅಚ್ಚು ಹಾಕಿಯೇ ಹೊಟ್ಟೆ ಹೊರೆಯುವ ನಾನು ಇವತ್ತು ಒಂದೇ ಒಂದು ಹೆಸರಿನ ಬಗ್ಗೆ ಮಾತಾಡುತ್ತೇನೆ. ಅದು ನವೆಂಬರ್.

2023ರಲ್ಲಿ ನಮ್ಮ ಬಡಾವಣೆಯ ಹುಡುಗರು ರಾಜ್ಯೋತ್ಸವದ ಆಹ್ವಾನ ಪತ್ರಿಕೆ ಮಾಡಿಸಲು ಬಂದರು. "ಅಣ್ಣಾ, ನವೆಂಬರ್ ಅನ್ನೋದು ಇಂಗ್ಲಿಷು. ನಮ್ಮ ಹಬ್ಬದ ಕಾರ್ಡಲ್ಲಿ ಅದು ಬೇಡ. ಕಾರ್ತಿಕ ಮಾಸ ಅಂತ ಹಾಕಿ, ದೊಡ್ಡ ಅಕ್ಷರದಲ್ಲಿ" ಅಂದರು. ನನಗೂ ಎದೆಯುಬ್ಬಿತು. ಪ್ರೂಫ್ ನಾನೇ ನೋಡಿದೆ, 500 ಕಾರ್ಡು ಹೊಡೆದೆ. ಮಾರನೇ ದಿನ ಪಂಚಾಂಗ ಬಲ್ಲ ಹಿರಿಯರೊಬ್ಬರು ಕಾರ್ಡು ಹಿಡಿದು ಬಂದರು. "ಏನಯ್ಯಾ, ಈ ವರ್ಷ ಅಧಿಕ ಶ್ರಾವಣ ಬಂದದ್ದು ಗೊತ್ತಿಲ್ಲವೇ? ಒಂದನೇ ತಾರೀಕಿಗೆ ಇನ್ನೂ ಆಶ್ವಯುಜ ಬಹುಳ. ದೀಪಾವಳಿಯೇ ಆಗಿಲ್ಲ, ನಿನಗೆ ಕಾರ್ತಿಕ ಎಲ್ಲಿಂದ ಬಂತು?" ಅಂದರು. 500 ಕಾರ್ಡು ರದ್ದಿಗೆ ಹೋಯಿತು. ರಾತ್ರಿಯೆಲ್ಲಾ ಕೂತು ನನ್ನ ಖರ್ಚಿನಲ್ಲೇ ಮತ್ತೆ ಹೊಡೆದುಕೊಟ್ಟೆ. ಹುಡುಗರ ತಪ್ಪಲ್ಲ, ಪಂಚಾಂಗ ನೋಡದ ನನ್ನ ತಪ್ಪು.

ಆಮೇಲೆ ಕೂತು ನೋಡಿದೆ. ನಮ್ಮ ನಾಡಿನಲ್ಲಿ ಅಮಾವಾಸ್ಯೆ ಕಳೆದ ಮೇಲೆ ಹೊಸ ಮಾಸ. ಬಲಿಪಾಡ್ಯಮಿಗೆ ಕಾರ್ತಿಕ ಶುರು. 2024ರ ನವೆಂಬರ್ 1 ಅಮಾವಾಸ್ಯೆಯ ದಿನವೇ ಬಿತ್ತು. 2025ರಲ್ಲಿ ಮಾತ್ರ ಕಾರ್ತಿಕ ಶುದ್ಧದಲ್ಲಿ ಬಂತು. ಚಂದ್ರನ ಲೆಕ್ಕ ಹಿಂದೆ ಮುಂದೆ ಓಡಾಡುತ್ತದೆ, ರಾಜ್ಯೋತ್ಸವ ಸರ್ಕಾರಿ ತಾರೀಕಿಗೆ ಕಟ್ಟುಬಿದ್ದದ್ದು.

ಇನ್ನು, ನವೆಂಬರ್ ಇಂಗ್ಲಿಷ್ ಪದವೇ? ಅಲ್ಲ ಕಣ್ರಪ್ಪಾ! ಇಂಗ್ಲಿಷಿನವರಿಗೂ ಅದು ಸಾಲ. ಅದು ರೋಮನರ ಲ್ಯಾಟಿನ್ ಪದ. ನೋವೆಮ್ ಅಂದರೆ ಒಂಬತ್ತು. ಹನ್ನೊಂದನೇ ತಿಂಗಳಿಗೆ ಒಂಬತ್ತು ಅಂತ ಯಾಕೆ ಹೆಸರು? ರೋಮನರ ಹಳೇ ವರ್ಷ ಮಾರ್ಚಿಗೆ ಶುರುವಾಗುತ್ತಿತ್ತು. ಮಾರ್ಚಿನಿಂದ ಬೆರಳು ಮಡಿಸಿ ನೋಡಿ: ಸೆಪ್ಟೆಂಬರ್ ಏಳು, ಅಕ್ಟೋಬರ್ ಎಂಟು, ನವೆಂಬರ್ ಒಂಬತ್ತು, ಡಿಸೆಂಬರ್ ಹತ್ತು. ಮೊದಲು ಹತ್ತೇ ತಿಂಗಳಿದ್ದವು, ಜನವರಿ ಫೆಬ್ರವರಿಗಳನ್ನು ನೂಮಾ ಎಂಬ ರಾಜ ಸೇರಿಸಿದ ಅಂತ ಅವರ ಐತಿಹ್ಯ. ಕ್ರಿಸ್ತಪೂರ್ವ 153ರಿಂದ ಅವರ ಅಧಿಕಾರಿಗಳು ಜನವರಿ 1ಕ್ಕೆ ಅಧಿಕಾರ ವಹಿಸಿಕೊಳ್ಳತೊಡಗಿದರು. ವರ್ಷದ ತಲೆ ಬದಲಾಯಿತು, ಹೆಸರು ಬದಲಾಗಲಿಲ್ಲ. ನಮ್ಮ ಬಸ್ಸುಗಳ ಹಾಗೆ, ರೂಟು ಬದಲಾದರೂ ಹಳೇ ಬೋರ್ಡು!

ಹೆಸರು ಬದಲಿಸಲು ಹೊಗಳುಭಟ್ಟರು ಪ್ರಯತ್ನಪಟ್ಟದ್ದೂ ಉಂಟು. ಜೂಲಿಯಸ್ ಸೀಸರನಿಗೆ ಜುಲೈ ಸಿಕ್ಕಿತ್ತು, ಅಗಸ್ಟಸ್‌ನಿಗೆ ಆಗಸ್ಟ್ ಸಿಕ್ಕಿತ್ತು. ಆಮೇಲೆ ಬಂದ ತಿಬೇರಿಯಸ್ ಚಕ್ರವರ್ತಿ ಹುಟ್ಟಿದ್ದು ನವೆಂಬರ್ 16ಕ್ಕೆ. ಈ ತಿಂಗಳಿಗೆ ನಿಮ್ಮ ಹೆಸರಿಡುತ್ತೇವೆ ಅಂತ ಸಭೆಯವರು ಮುಂದೆ ಬಂದರು. ಹದಿಮೂರು ಜನ ಸೀಸರರು ಆಗಿಬಿಟ್ಟರೆ ಆಗೇನು ಮಾಡುತ್ತೀರಿ ಅಂತ ಅವನು ಕೇಳಿದನಂತೆ. ಇತಿಹಾಸಕಾರ ಡಿಯೋ ಬರೆದಿಟ್ಟಿದ್ದಾನೆ. ಕೊಮೊಡಸ್ ಎಂಬ ಇನ್ನೊಬ್ಬ ಹನ್ನೆರಡೂ ತಿಂಗಳಿಗೆ ತನ್ನವೇ ಹೆಸರು, ಬಿರುದು ಇಟ್ಟುಕೊಂಡ. 192ರಲ್ಲಿ ಅವನ ಕೊಲೆಯಾಯಿತು, ಹಳೇ ಹೆಸರುಗಳು ವಾಪಸು ಬಂದವು. ಸರ್ಕಲ್ಲಿಗೆ, ಬಸ್ ಸ್ಟ್ಯಾಂಡಿಗೆ ಹೆಸರಿಡಲು ಜಗಳ ಆಡುವವರು ಈ ಕತೆ ಓದಬೇಕು.

ಹಾಗಾದರೆ ಕಾರ್ತಿಕ ಕನ್ನಡವೇ? ಅದೂ ಅಲ್ಲ, ಸಂಸ್ಕೃತ. ಹುಣ್ಣಿಮೆ ಚಂದ್ರ ಕೃತ್ತಿಕಾ ನಕ್ಷತ್ರದ ಹತ್ತಿರ ನಿಲ್ಲುವ ಮಾಸ ಕಾರ್ತಿಕ. ಚಿತ್ತಾದ ಬಳಿ ನಿಂತರೆ ಚೈತ್ರ, ವಿಶಾಖದ ಬಳಿ ವೈಶಾಖ. ಆಕಾಶ ನೋಡಿ ಇಟ್ಟ ಹೆಸರು, ಚಂದದ ಹೆಸರು. ಆದರೆ ಪರಭಾಷೆಯದು ಅಂತ ನವೆಂಬರನ್ನು ಹೊರಗೆ ಹಾಕುವುದಾದರೆ ಅದೇ ನ್ಯಾಯ ಕಾರ್ತಿಕಕ್ಕೂ ಬರುತ್ತದೆ. ತಮಾಷೆ ನೋಡಿ, ಲ್ಯಾಟಿನ್ನಿನ ನೋವೆಮ್ಮು, ಸಂಸ್ಕೃತದ ನವ, ಎರಡೂ ಒಂದೇ ಬೇರಿನವು. ನಮ್ಮ ಒಂಬತ್ತು ಬೇರೆ ಮನೆತನದ್ದು. ಒಂದು ಕಡಿಮೆ ಹತ್ತು ಅಂತ ಅದರ ಅರ್ಥ ಬಿಡಿಸುತ್ತಾರೆ.

ಅಚ್ಚಕನ್ನಡ ಬೇಕಾದರೆ ನಮ್ಮ ಬಾಯಲ್ಲೇ ಇದೆ: ತಿಂಗಳು! ಚಂದ್ರನೂ ತಿಂಗಳು, ಮೂವತ್ತು ದಿನವೂ ತಿಂಗಳು. ಬೆಳ್ಳಗಿನ ತಿಂಗಳು ಬೆಳದಿಂಗಳು. ಸಂಬಳ ಯಾವಾಗ ಅಂತ ಕೇಳುವಾಗ ನಾವು ಚಂದ್ರನ ಹೆಸರು ಹೇಳುತ್ತಿದ್ದೇವೆ ಅಂತ ನಮಗೆ ನೆನಪೇ ಇರುವುದಿಲ್ಲ. ನಮ್ಮ ಅಜ್ಜನ ಬಾಯಲ್ಲಿ ನವೆಂಬರ್ ಬಂದದ್ದು ನಾನು ಕೇಳಿಲ್ಲ. ಸ್ವಾತಿ ಮಳೆ ಮುಗೀತು, ವಿಶಾಖೆ ಹಿಡೀತು ಅನ್ನುತ್ತಿದ್ದರು. ರಾಜ್ಯೋತ್ಸವ ಬರುವುದು ಆ ಸ್ವಾತಿ ಮಳೆಯಲ್ಲೇ.

ನವೆಂಬರಿಗೆ ಕನ್ನಡದ ಅರ್ಥ ಬಂದದ್ದು ನಿಘಂಟಿನಿಂದಲ್ಲ. ರಾಜ್ಯ ಪುನರ್ವಿಂಗಡಣೆಯ ಕಾಯ್ದೆಯಂತೆ 1956ರ ನವೆಂಬರ್ 1ಕ್ಕೆ ಹಳೇ ಮೈಸೂರು, ಮುಂಬೈ ಪ್ರಾಂತ್ಯದ ಕನ್ನಡ ಜಿಲ್ಲೆಗಳು, ಹೈದರಾಬಾದಿನ ಕನ್ನಡ ಭಾಗ, ಮದರಾಸಿನಲ್ಲಿದ್ದ ದಕ್ಷಿಣ ಕನ್ನಡ, ಕೊಳ್ಳೇಗಾಲ, ಜೊತೆಗೆ ಕೊಡಗು ಒಂದಾದವು. 1973ರ ಅದೇ ದಿನ, ದೇವರಾಜ ಅರಸರ ಕಾಲದಲ್ಲಿ, ಕರ್ನಾಟಕ ಎಂಬ ಹೆಸರು ಬಂತು. ಕೇರಳದವರಿಗೂ ನವೆಂಬರ್ 1 ಹುಟ್ಟುಹಬ್ಬವೇ.

ಆದರೆ ಈ ಹೆಸರಿಗೆ ನಾವೇ ಇನ್ನೊಂದು ಅರ್ಥ ಅಂಟಿಸಿದ್ದೇವೆ. "ನವೆಂಬರ್ ಕನ್ನಡಿಗ"! ಆಡಿಕೊಳ್ಳುವ ಮಾತು. ಕೇಳಿದರೆ ಮೈ ಉರಿಯುತ್ತದೆ. ಆದರೆ ನನ್ನ ಆರ್ಡರ್ ಪುಸ್ತಕ ತೆರೆದರೆ ನಾನು ತಲೆ ತಗ್ಗಿಸಬೇಕು. ಅಕ್ಟೋಬರ್ ಕೊನೆಯಿಂದ ಬ್ಯಾನರು, ಪೋಸ್ಟರು, ರಸೀದಿ, ಎಲ್ಲಾ ಕನ್ನಡ. ಡಿಸೆಂಬರಿಗೆ ಅದೇ ಗಿರಾಕಿ ತನ್ನ ಅಂಗಡಿಯ ಬಿಲ್ ಬುಕ್ಕಿಗೆ ಬಂದು "ಇಂಗ್ಲಿಷಲ್ಲೇ ಇರಲಿ ಬಿಡಿ" ಅನ್ನುತ್ತಾನೆ. ಜನವರಿಯ ಜೇನಸ್ ದೇವರಿಗೆ ಎರಡು ಮುಖವಂತೆ, ನನಗೆ ಆಶ್ಚರ್ಯವೇನೂ ಆಗಲಿಲ್ಲ. ಅವನನ್ನು ಬೈದು ಪ್ರಯೋಜನವಿಲ್ಲ. ಇಷ್ಟು ವರ್ಷ ನನ್ನ ಪ್ರೆಸ್ಸಿನ ಬಿಲ್ಲೇ ಇಂಗ್ಲಿಷಿನಲ್ಲಿತ್ತು. ಪೋಸ್ಟರ್ ಒಯ್ಯಲು ಬಂದ ಕಾಲೇಜು ಹುಡುಗಿಯೊಬ್ಬಳು ಬಿಲ್ ನೋಡಿ, "ಅಂಕಲ್, ಇದೇನು?" ಅಂದಳು. ಉತ್ತರ ಹೊಳೆಯಲಿಲ್ಲ. ಹೊಸ ಬಿಲ್ ಬುಕ್ಕು ಕನ್ನಡದಲ್ಲಿ ಮಾಡಿದ್ದೇನೆ, ಅಂಕಿಗಳೂ ಕನ್ನಡದವು.

ಮುಂದಿನ ವರ್ಷದ ಕ್ಯಾಲೆಂಡರ್ ಈಗ ಮಿಷನ್ ಮೇಲಿದೆ. ನವೆಂಬರ್ ಹಾಳೆಯಲ್ಲಿ ನವೆಂಬರ್ ಅಂತಲೇ ಇರುತ್ತದೆ, ಕೆಳಗೆ ಮಾಸ, ಅದರ ಕೆಳಗೆ ಮಳೆ. ಈ ಸಲ ಪ್ರೂಫನ್ನು ಆ ಪಂಚಾಂಗದ ಹಿರಿಯರಿಗೆ ತೋರಿಸಿಯೇ ಹೊಡೆಯುತ್ತೇನೆ.