‘ಹಾಲು ಸಾಲದು’ ಅನ್ನುವ ಮೊದಲು



ಆಗಸ್ಟ್ ಮೊದಲ ವಾರ ವಿಶ್ವ ಸ್ತನ್ಯಪಾನ ಸಪ್ತಾಹ. ಅದಕ್ಕಾಗಿ ಏನಾದರೂ ಮಾತಾಡು ಎಂದು ಅಧ್ಯಕ್ಷೆಯವರು ಕೇಳಿದಾಗ, ‘ನಾನು ಡಾಕ್ಟರ್ ಅಲ್ಲವಲ್ಲ’ ಎಂದೆ. ‘ನಿನಗೆ ಆದದ್ದನ್ನೇ ಹೇಳು, ಸಾಕು’ ಎಂದರು. ಹಾಗಾಗಿ ಇದು ಉಪನ್ಯಾಸವಲ್ಲ, ನನ್ನ ಬಾಣಂತನದ ಮೊದಲ ಹದಿನೈದು ದಿನಗಳ ಕಥೆ.

ನಾನು ಎಂಟೆಕ್ ಓದಿದವಳು. ಪುಣೆಯ ಒಂದು ಕಂಪನಿಗೆ ನಿಫಾಡಿನ ಮನೆಯಿಂದಲೇ ಕೆಲಸ ಮಾಡುತ್ತೇನೆ. ಬಸುರಿಯಾಗಿದ್ದಾಗ ಹೆರಿಗೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೆ. ಹಾಲೂಡಿಸುವುದರ ಬಗ್ಗೆ ಮಾತ್ರ ಒಂದು ಪುಟವನ್ನೂ ಓದಿರಲಿಲ್ಲ. ಅದು ತಾನಾಗಿಯೇ ಬರುತ್ತದೆ ಎಂದುಕೊಂಡಿದ್ದೆ.

ಮಗ ಹುಟ್ಟಿದ್ದು ಜನವರಿಯಲ್ಲಿ. ನಿಫಾಡಿನ ಚಳಿ ನಿಮಗೆಲ್ಲ ಗೊತ್ತು. ಸಿಸೇರಿಯನ್ ಆಯಿತು. ಮಗುವನ್ನು ನನ್ನ ಎದೆಗೆ ಕೊಟ್ಟದ್ದು ಆರು ಗಂಟೆಯ ನಂತರ. ಅಷ್ಟರಲ್ಲಿ ಬಾಟಲಿಯಿಂದ ಪುಡಿಹಾಲು ಕುಡಿಸಿ ಆಗಿತ್ತು. ತಾಯಿ ಮಗು ಇಬ್ಬರೂ ಆರಾಮಾಗಿದ್ದರೆ ಸಿಸೇರಿಯನ್ ಆದರೂ ಮೊದಲ ಗಂಟೆಯಲ್ಲೇ ಹಾಲೂಡಿಸಬಹುದು ಎಂದು ನನಗೆ ತಿಳಿದಿರಲಿಲ್ಲ, ಹಾಗಾಗಿ ಕೇಳಲೂ ಇಲ್ಲ. ಇದು ನನ್ನೊಬ್ಬಳ ಕಥೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಶೇ. 88.6ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ಆದರೆ ಮೊದಲ ಗಂಟೆಯಲ್ಲಿ ತಾಯಿಯ ಹಾಲು ಸಿಗುವುದು ಶೇ. 41.8ರಷ್ಟು ಮಕ್ಕಳಿಗೆ ಮಾತ್ರ.

ಐದನೇ ದಿನ ಮನೆಗೆ ಬಂದೆವು. ಅಷ್ಟೊತ್ತಿಗೆ ಎರಡೂ ಮೊಲೆತೊಟ್ಟು ಬಿರಿದು ರಕ್ತ ಬರುತ್ತಿತ್ತು. ಮಗು ಅತ್ತರೆ ಸಾಕು, ಹೆದರಿಕೆಯಿಂದ ನನ್ನ ಕಾಲ್ಬೆರಳು ಮಡಚಿಕೊಳ್ಳುತ್ತಿದ್ದವು. ಅವ್ವ ಧಾರವಾಡದಿಂದ ಅಂಟಿನುಂಡಿ ಕಟ್ಟಿಕೊಂಡು ಬಂದಿದ್ದಳು. ಪಕ್ಕದ ಮನೆಯ ಆಜಿ ಅಳೀವ್ ಲಾಡು ಕಳಿಸಿದರು. ಎಲ್ಲರಿಗೂ ಪ್ರೀತಿ. ಆದರೆ ಬಂದವರೆಲ್ಲರ ಮೊದಲ ಪ್ರಶ್ನೆ ಒಂದೇ. ಮರಾಠಿಯವರು ‘ದೂಧ ಪುರತಂ ಕಾ?’ ಅನ್ನುತ್ತಿದ್ದರು, ನಮ್ಮವರು ‘ಹಾಲು ಸಾಕಾಗತೈತೇನು?’ ಅನ್ನುತ್ತಿದ್ದರು. ಅವ್ವ ಅಡುಗೆಮನೆಯಲ್ಲಿ ಅತ್ತೆಯವರ ಹತ್ತಿರ, ‘ಕೂಸಿನ ಹೊಟ್ಟಿ ತುಂಬವಲ್ದು ಅನಸ್ತೈತ್ರಿ’ ಎಂದದ್ದು ನನ್ನ ಕಿವಿಗೆ ಬಿತ್ತು. ಆ ರಾತ್ರಿ ನಾನು ಮಗುವಿನ ಜೊತೆ ಅತ್ತೆ.

ನಾನು ಮಾಡಿದ ದಡ್ಡತನ ಹೇಳುತ್ತೇನೆ, ನಗಬೇಡಿ. ಫೋನಿನಲ್ಲಿ ಎಕ್ಸೆಲ್ ಶೀಟ್ ಮಾಡಿ, ಬಲಗಡೆ 40 ನಿಮಿಷ, ಎಡಗಡೆ 35 ನಿಮಿಷ ಎಂದು ಬರೆಯುತ್ತಿದ್ದೆ. ಇಷ್ಟು ಹೊತ್ತು ಕುಡಿದರೆ ಹೊಟ್ಟೆ ತುಂಬಿರಲೇಬೇಕು ಎಂಬುದು ನನ್ನ ಲೆಕ್ಕ. ಉಚ್ಚೆಯ ಕಾಲಂ ಕೂಡ ಇತ್ತು. ಅದರಲ್ಲಿ ದಿನಕ್ಕೆ ಮೂರು ಎಂದಿತ್ತು. ಅದನ್ನು ನಾನು ಗಮನಿಸಲೇ ಇಲ್ಲ.

ಏಳನೇ ದಿನ ಆಶಾ ಕಾರ್ಯಕರ್ತೆ ಬಂದರು. ಇಲ್ಲಿ ಅವರನ್ನು ಆಶಾತಾಯಿ ಅನ್ನುತ್ತಾರೆ, ಮರಾಠಿಯಲ್ಲಿ ತಾಯಿ ಅಂದರೆ ಅಕ್ಕ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಅವರು 3, 7, 14, 21, 28 ಮತ್ತು 42ನೇ ದಿನ ಬರಬೇಕೆಂಬ ಸರ್ಕಾರಿ ಕಾರ್ಯಕ್ರಮವೇ ಇದೆ. ಇದೆಲ್ಲ ನಮ್ಮಂಥವರಿಗಲ್ಲ ಎಂಬ ಒಂದು ಸಣ್ಣ ಜಂಬ ನನಗಿತ್ತು. ಅವರು ಚೀಲದಿಂದ ತೂಕದ ಯಂತ್ರ ತೆಗೆದು ಮಗುವನ್ನು ತೂಗಿದರು. ಹುಟ್ಟಿದಾಗ 2,900 ಗ್ರಾಂ ಇದ್ದದ್ದು 2,600 ಆಗಿತ್ತು. ಮೊದಲ ದಿನಗಳಲ್ಲಿ ಎಲ್ಲ ಮಕ್ಕಳೂ ಸ್ವಲ್ಪ ಇಳಿಯುತ್ತವೆ, ಆದರೆ ಶೇ. 10ರಷ್ಟು ಇಳಿದರೆ ಡಾಕ್ಟರಿಗೆ ತೋರಿಸಲೇಬೇಕು. ನನ್ನ ಶೀಟ್ ನೋಡಿ ಅವರು, ‘ನಿಮಿಷ ಎಣಿಸಬೇಡಿ, ನುಂಗುವ ಸದ್ದು ಕೇಳಿ’ ಎಂದರು. ಕೇಳಿದೆ. ಮಗು ಬರೀ ತುದಿಯನ್ನು ಚೀಪುತ್ತಾ ನಿದ್ದೆಹೋಗುತ್ತಿತ್ತು. ನುಂಗುತ್ತಲೇ ಇರಲಿಲ್ಲ.

ಅಂದೇ ಸಂಜೆ ನಾಶಿಕ್‌ಗೆ ಹೋಗಿ ಮಕ್ಕಳ ಡಾಕ್ಟರಿಗೆ ತೋರಿಸಿದೆವು. ಕಾಮಾಲೆ, ರಕ್ತದ ಸಕ್ಕರೆ ಎಲ್ಲ ನೋಡಿದರು. ಅಲ್ಲಿಯ ನರ್ಸ್ ಅರ್ಧ ಗಂಟೆ ನನ್ನ ಪಕ್ಕ ಕೂತು ಕಲಿಸಿದ್ದನ್ನು ನಾನು ಆಕೆಯ ಋಣವೆಂದೇ ನೆನೆಯುತ್ತೇನೆ. ನಾವು ಮಗುವಿನ ಕಡೆಗೆ ಬಾಗಬಾರದು, ಮಗುವನ್ನು ಎದೆಯ ಹತ್ತಿರ ತರಬೇಕು. ಅದರ ಹೊಟ್ಟೆ ನಮ್ಮ ಹೊಟ್ಟೆಗೆ ತಾಗಿರಬೇಕು. ಆಕಳಿಸುವಷ್ಟು ಬಾಯಿ ತೆರೆದಾಗ, ತೊಟ್ಟಿನ ಜೊತೆ ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗುವಂತೆ ಕೊಡಬೇಕು. ಗದ್ದ ಎದೆಗೆ ತಾಗಿ, ಕೆಳತುಟಿ ಹೊರಕ್ಕೆ ಮಡಚಿರಬೇಕು. ನೋವು ಮುಂದುವರಿದರೆ ಸಹಿಸಿಕೊಂಡು ಕೂರಬಾರದು. ಕಿರುಬೆರಳನ್ನು ಬಾಯಿಯ ಮೂಲೆಗೆ ಹಾಕಿ ಬಿಡಿಸಿ, ಮತ್ತೆ ಹಚ್ಚಬೇಕು.

ಡಾಕ್ಟರ್ ಕೊಟ್ಟ ಕ್ರಮ ಹೀಗಿತ್ತು: ದಿನಕ್ಕೆ 8ರಿಂದ 12 ಸಲ, ನಿದ್ದೆಯಿಂದ ಎಬ್ಬಿಸಿಯಾದರೂ ಎದೆಗೆ ಹಚ್ಚುವುದು. ಆಮೇಲೆ ಉಳಿದ ಹಾಲನ್ನು ಹಿಂಡಿ ತೆಗೆದು ಕುಡಿಸುವುದು. ಕಡಿಮೆ ಬಿದ್ದಷ್ಟಕ್ಕೆ, ಕೆಲವು ದಿನ ಮಾತ್ರ, ಅಳತೆ ಮಾಡಿ ಪುಡಿಹಾಲು. ಬಾಟಲಿ ಬೇಡ ಎಂದಾಗ ಅತ್ತೆಯವರು ತಮ್ಮ ಪೆಟ್ಟಿಗೆಯಿಂದ ಹಳೆಯ ಬೆಳ್ಳಿ ಒಳಲೆ ತೆಗೆದರು. ಪ್ರತಿ ಸಲ ಕುದಿಸಿ, ಮಗುವನ್ನು ಎತ್ತರಕ್ಕೆ ಹಿಡಿದು, ಗುಟುಕು ಗುಟುಕಾಗಿ ಕುಡಿಸಿದವರೂ ಅವರೇ. ರಾತ್ರಿ ಎರಡು ಗಂಟೆಗೆ ಮಗುವನ್ನು ತೇಗಿಸುತ್ತಾ ಓಡಾಡಿದ್ದು ನನ್ನ ಗಂಡ.

ಹಾಲು ತಯಾರಾಗುವುದು ಬೇಡಿಕೆಯ ಮೇಲೆ. ಎದೆ ಖಾಲಿಯಾದಷ್ಟೂ ಹೊಸದಾಗಿ ತುಂಬುತ್ತದೆ. ಮೊದಲ ಎರಡು ಮೂರು ದಿನ ಬರುವ ಗಟ್ಟಿ ಹಳದಿ ಹಾಲು ಚಮಚದಷ್ಟೇ ಇರುತ್ತದೆ, ಆಗಿನ ಮಗುವಿನ ಹೊಟ್ಟೆಯೂ ಅಷ್ಟೇ ಚಿಕ್ಕದು. ನನಗೆ ಹಾಲು ಇರಲಿಲ್ಲ ಎಂದಲ್ಲ. ಅದನ್ನು ಎಳೆದು ಕುಡಿಯಲು ಮಗುವಿಗೆ ಆಗುತ್ತಿರಲಿಲ್ಲ, ಹಚ್ಚುವುದು ನನಗೂ ತಿಳಿದಿರಲಿಲ್ಲ. ಹದಿನಾರನೇ ದಿನ ತೂಕ ಮತ್ತೆ 2,900 ಮುಟ್ಟಿತು. ಒಂದೂವರೆ ತಿಂಗಳಿಗೆ ಪುಡಿಹಾಲು ನಿಂತಿತು.

ಹೊಸ ಬಾಣಂತಿಯರು ಎಣಿಸಬೇಕಾದದ್ದು ಎರಡೇ: ಐದನೇ ದಿನದಿಂದ ದಿನಕ್ಕೆ ಕನಿಷ್ಠ ಆರು ಸಲ ಉಚ್ಚೆ, ಮತ್ತು ಎರಡು ವಾರದೊಳಗೆ ಹುಟ್ಟಿದಾಗಿನ ತೂಕ. ಮಗು ಎಬ್ಬಿಸಿದರೂ ಏಳದಿದ್ದರೆ, ಕುಡಿಯದಿದ್ದರೆ, ಜ್ವರ ಬಂದರೆ, ಅಂಗೈ ಅಂಗಾಲು ಹಳದಿಯಾದರೆ ಬೆಳಗಿನವರೆಗೆ ಕಾಯಬೇಡಿ. ನಿಮ್ಮ ಎದೆ ಕೆಂಪಾಗಿ ಗಟ್ಟಿಯಾಗಿ ಜ್ವರ ಬಂದರೆ ಡಾಕ್ಟರಿಗೆ ತೋರಿಸಿ, ಆದರೆ ಹಾಲೂಡಿಸುವುದನ್ನು ನಿಲ್ಲಿಸಬೇಡಿ. ಎರಡು ವಾರ ಕಳೆದರೂ ಅಳು, ಬೇಸರ ಹೋಗದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತಾಡಬಹುದು.

ಏನೇ ಮಾಡಿದರೂ ಹಾಲು ಸಾಲದ ತಾಯಂದಿರೂ ಇದ್ದಾರೆ. ಅದು ಅವರ ತಪ್ಪಲ್ಲ. ಇಂಥ ಕಷ್ಟ ಕಂಡೇ ಡಾ. ಆರ್ಮಿಡಾ ಫರ್ನಾಂಡಿಸ್ ಅವರು 1989ರಲ್ಲಿ ಮುಂಬೈಯ ಸಯನ್ ಆಸ್ಪತ್ರೆಯಲ್ಲಿ ದೇಶದ ಮೊದಲ ತಾಯಿಹಾಲಿನ ಬ್ಯಾಂಕ್ ಶುರುಮಾಡಿದರು. ಪುಡಿಹಾಲು ಕುಡಿದು ಬೆಳೆದ ಮಗುವಿನ ತಾಯಿಯೂ ತಾಯಿಯೇ.

ಕೆಲಸಕ್ಕೆ ಹೋಗುವ ಗೆಳತಿಯರಿಗೆ ಒಂದು ಮಾತು. 2017ರ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ 26 ವಾರ ರಜೆ ಇದೆ. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸುವ ಬಿಡುವೂ ಕಾನೂನಿನಲ್ಲಿದೆ. ಸಂಕೋಚವಿಲ್ಲದೆ ಕೇಳಿ.

ಹಿರಿಯರಲ್ಲಿ ಒಂದೇ ವಿನಂತಿ. ಬಾಣಂತಿಯನ್ನು ನೋಡಲು ಹೋದಾಗ ‘ಹಾಲು ಸಾಕಾಗತೈತೇನು?’ ಎಂದು ಕೇಳಬೇಡಿ. ‘ನೀ ಊಟ ಮಾಡಿದಿ ಏನವಾ?’ ಎಂದು ಕೇಳಿ, ಒಂದು ಗಂಟೆ ಕೂಸನ್ನು ಎತ್ತಿಕೊಳ್ಳಿ, ಅವಳು ಮಲಗಲಿ. ನಮ್ಮ ಬಳಗದಲ್ಲಿ ಯಾರಿಗಾದರೂ ಹೆರಿಗೆಯಾದರೆ ನನಗೊಂದು ಮೆಸೇಜ್ ಹಾಕಿ. ಅರ್ಧ ಗಂಟೆ ಪಕ್ಕ ಕೂರಲು ನಾನು ಬರುತ್ತೇನೆ.